ಪೂರ್ಣತೆಯ ಹಂಬಲವೂ ಪೂರ್ಣತೆಯ ಆಗ್ರಹವೂ

೧

ಶಾಸ್ತ್ರವೊಂದು ತನ್ನ ವಿಷಯಕ್ಕೆ ಇಟ್ಟ ಹೆಸರು ಸರಿಯಿಲ್ಲದಿದ್ದರೆ, ಆ ಶಾಸ್ತ್ರದಲ್ಲಿ ಮುಂದೆ ಹುಟ್ಟುವ ವಾದಗಳಲ್ಲಿ ಬಹುಪಾಲು ಹೆಸರನ್ನು ಕುರಿತ ವಾದಗಳೇ ಆಗುವುವು. ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರು ‘ಪರ್ಫೆಕ್ಷನಿಸಮ್’ ಎಂದು ಕರೆಯುವ ಮನೋಧರ್ಮವನ್ನು ಕುರಿತು ಕಳೆದ ನಾಲ್ಕೈದು ದಶಕಗಳಲ್ಲಿ ನಡೆದಿರುವ ಸಂಶೋಧನೆಯು ಇದಕ್ಕೆ ತಕ್ಕ ನಿದರ್ಶನ. ಮಾಡಿದ ಕೆಲಸದಲ್ಲಿ ಎಳ್ಳಷ್ಟೂ ಕುಂದು ಇರಕೂಡದೆಂದು ಹಟ ಹಿಡಿದವನ ಮನಸ್ಸಿನಲ್ಲಿ ಒತ್ತಡವು ಹೇಗೆ ಹುಟ್ಟುತ್ತದೆ, ಅದನ್ನು ಅವನು ಹೇಗೆ ನಿಭಾಯಿಸುತ್ತಾನೆ, ಅವನ ಸ್ವಾಸ್ಥ್ಯವು ಅದರಿಂದ ಏನಾಗುತ್ತದೆ—ಎಂಬೀ ಮೂರು ಪ್ರಶ್ನೆಗಳನ್ನು ಹಿಡಿದು ನೂರಾರು ಲೇಖನಗಳು ಹೊರಬಂದಿವೆ. ಆದರೂ ಈ ಮನೋಧರ್ಮವು ಗುಣವೋ ದೋಷವೋ ಎಂಬ ಮೊದಲ ಪ್ರಶ್ನೆಯಲ್ಲಿಯೇ ವಿದ್ವಾಂಸರಿಗೆ ಐಕಮತ್ಯವಿಲ್ಲ.

ಈ ಮತಭೇದವು ಪಂಡಿತರ ಗೋಷ್ಠಿಗೆ ಮಾತ್ರ ಸಂಬಂಧಿಸಿದುದೆಂದು ತಳ್ಳಿಬಿಡುವಂತಿಲ್ಲ. ‘ಪೂರ್ಣತೆಯನ್ನು ಬಯಸುವುದೇ ರೋಗ’ವೆಂದು ಸಾರಿದರೆ ಸೋಮಾರಿಗೆ ಶಾಸ್ತ್ರದ ಬೆಂಬಲ ದೊರೆತಂತಾಗುವುದು. ‘ಅದರಲ್ಲಿ ಒಳ್ಳೆಯ ಬಗೆಯೂ ಉಂಟು’ ಎಂದು ಸಾರಿದರೆ, ನೂರಕ್ಕೆ ತೊಂಬತ್ತೆಂಟು ಅಂಕ ಬಂದಿದ್ದರೂ ಕಳೆದುಹೋದ ಎರಡಕ್ಕಾಗಿ ಊಟ ಬಿಟ್ಟು ಮೂಲೆ ಹಿಡಿದು ಕುಳಿತ ಹುಡುಗಿಯನ್ನು ಮನೆಯವರೂ ಉಪಾಧ್ಯಾಯರೂ ‘ಎಂತಹ ಶ್ರದ್ಧೆ!’ ಎಂದು ಕೊಂಡಾಡುವರು. ಮೊದಲನೆಯದರಿಂದ ವಿದ್ಯೆಗೆ ಹಾನಿ. ಎರಡನೆಯದರಿಂದ ವಿದ್ಯಾರ್ಥಿಗೆ ಹಾನಿ. ಆದುದರಿಂದ ಈ ಸಂಶೋಧನೆಯ ಫಲಗಳನ್ನು ತಿಳಿದುಕೊಳ್ಳುವುದಕ್ಕೆ ಮುಂಚೆ ಅದರ ಲಕ್ಷಣವಾಕ್ಯಗಳನ್ನು ಒರೆಗೆ ಹಚ್ಚಿ ನೋಡುವುದು ಅವಶ್ಯ.

ಕನ್ನಡದಲ್ಲಿ ಈ ಶಬ್ದಕ್ಕೆ ‘ಪರಿಪೂರ್ಣತಾವಾದ’ವೆಂಬ ಪ್ರತಿಶಬ್ದವು ಬಳಕೆಗೆ ಬಂದಿದೆ. ಅದ್ವೈತವಾದ, ಸಮಾಜವಾದ ಎಂಬಲ್ಲಿ ‘ವಾದ’ವೆಂದರೆ ಯುಕ್ತಿಗಳಿಂದ ಸ್ಥಾಪಿಸತಕ್ಕ ಸಿದ್ಧಾಂತ. ಇಲ್ಲಿ ಅಂತಹ ಸಿದ್ಧಾಂತವೇನೂ ಇಲ್ಲ. ಬರೆದ ಕಾಗದವನ್ನು ಏಳು ಸಲ ಹರಿದುಹಾಕುವವನು ಯಾವ ವಾದವನ್ನೂ ಹೂಡುತ್ತಿಲ್ಲ. ಏನೋ ಒಂದು ಅವನನ್ನು ಹಿಡಿದುಕೊಂಡಿದೆ. ಹಿಡಿಯುವುದೆಂಬ ಅರ್ಥವುಳ್ಳ ಧಾತುವಿನಿಂದ ಬಂದ ‘ಆಗ್ರಹ’ವೇ ಇಲ್ಲಿ ಹೊಂದತಕ್ಕ ಪದ. ಆದಕಾರಣ ಪ್ರಕೃತ ಲೇಖನದಲ್ಲಿ ಆ ಮನೋಧರ್ಮವನ್ನು ‘ಪೂರ್ಣತಾಗ್ರಹ’ವೆಂದೂ, ಕೆಲಸವು ಚೆನ್ನಾಗಿ ಆಗಬೇಕೆಂಬ ಸಹಜವಾದ ಆಸೆಯನ್ನು ‘ಪೂರ್ಣತೆಯ ಹಂಬಲ’ವೆಂದೂ ಕರೆದಿದೆ. ಇವೆರಡೂ ಒಂದೇ ವಸ್ತುವಿನ ಎರಡು ಪ್ರಮಾಣಗಳಲ್ಲ, ಬೇರೆ ಬೇರೆ ವಸ್ತುಗಳು ಎಂಬುದೇ ಇಲ್ಲಿ ಸಾಧಿಸತಕ್ಕ ವಿಷಯ.

೨

ಈ ವಿಚಾರದ ಹಿಂದಿನ ಬರೆಹಗಳಲ್ಲಿ ಗಣ್ಯವಾದುದು, ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಕರೆನ್ ಹಾರ್ನೈ ಎಂಬ ವೈದ್ಯೆಯು ೧೯೫೦ರಲ್ಲಿ ಪ್ರಕಟಿಸಿದ ಗ್ರಂಥ. ಮನುಷ್ಯನು ತನ್ನ ನಿಜವಾದ ಸ್ವರೂಪವನ್ನು ಬಿಟ್ಟು ಕಲ್ಪಿತವಾದ ಒಂದು ಆದರ್ಶಮೂರ್ತಿಯನ್ನು ಕಟ್ಟಿಕೊಂಡು, ‘ಹೀಗಿರಲೇಬೇಕು, ಹಾಗೆ ಮಾಡಲೇಬೇಕು’ ಎಂಬ ಒಳಗಿನ ಆಜ್ಞೆಗಳ ದಬ್ಬಾಳಿಕೆಗೆ ಹೇಗೆ ಸಿಕ್ಕುವನೆಂಬುದನ್ನು ಆಕೆ ವರ್ಣಿಸಿದಳು. ಅನಂತರ ೧೯೭೮ರಲ್ಲಿ ಡಾನ್ ಹ್ಯಾಮಚೆಕ್ ಎಂಬ ಅಮೆರಿಕದ ವಿದ್ವಾಂಸನು ಪೂರ್ಣತಾಗ್ರಹಿಗಳನ್ನು ಸಹಜರು, ವಿಕೃತರು ಎಂದು ಎರಡಾಗಿ ವಿಂಗಡಿಸಿದನು. ಶ್ರಮಪಟ್ಟು ಮಾಡಿದ ಕೆಲಸದಲ್ಲಿ ನಿಜವಾದ ಸಂತೋಷವನ್ನು ಪಡೆದು, ಸಂದರ್ಭವು ಒಪ್ಪಿದಾಗ ಬಿಗಿಯನ್ನು ಸಡಿಲಿಸಬಲ್ಲವನು ಸಹಜನು; ಎಷ್ಟು ಮಾಡಿದರೂ ಸಾಲದೆಂದು ಕೊರಗುವವನು ವಿಕೃತನು. ಎರಡು ವರ್ಷಗಳ ಮೇಲೆ, ೧೯೮೦ರಲ್ಲಿ, ಡೇವಿಡ್ ಬರ್ನ್ಸ್ ಎಂಬ ವೈದ್ಯನು ಬೇರೊಂದು ಲಕ್ಷಣವನ್ನು ಹೇಳಿದನು: ಕೈಗೆಟುಕದ ಗುರಿಗಳ ಕಡೆಗೆ ಬಿಡುವಿಲ್ಲದೆ ಒದ್ದಾಡುತ್ತ, ತನ್ನ ಬೆಲೆಯನ್ನೆಲ್ಲ ತಾನು ಮಾಡಿ ಮುಗಿಸಿದ ಕೆಲಸದಿಂದಲೇ ಅಳೆದುಕೊಳ್ಳುವವನು ಪೂರ್ಣತಾಗ್ರಹಿ.

ಈ ಎರಡು ಲಕ್ಷಣಗಳ ನಡುವಣ ಅಂತರವನ್ನು ವಾಚಕರು ಗಮನಿಸಬೇಕು. ಹ್ಯಾಮಚೆಕನ ದೃಷ್ಟಿ ಬಿಗಿಯ ಪ್ರಮಾಣದ ಮೇಲೆ ಬಿದ್ದಿತು. ಬರ್ನ್ಸನ ದೃಷ್ಟಿ ಕೆಲಸಕ್ಕೂ ಕೆಲಸಗಾರನ ಬೆಲೆಗೂ ಬಿದ್ದ ಗಂಟಿನ ಮೇಲೆ ಬಿದ್ದಿತು. ಮುಂದಿನ ಸಂಶೋಧಕರು ಎರಡನೆಯದನ್ನು ಹಿಡಿದು ನಡೆದಿದ್ದರೆ ಮಾರ್ಗವು ಸುಗಮವಾಗುತ್ತಿತ್ತು. ಆದರೆ ಅಷ್ಟರಲ್ಲಿ ಅಳೆಯುವ ಯುಗವು ಬಂದಿತು.

೧೯೯೦ರಲ್ಲಿ ರ್‍ಯಾಂಡಿ ಫ್ರಾಸ್ಟನೂ ಅವನ ಸಹಚರರೂ ಮೂವತ್ತೈದು ವಾಕ್ಯಗಳ ಒಂದು ಪ್ರಶ್ನಾವಳಿಯನ್ನು ರಚಿಸಿದರು. ತಪ್ಪುಗಳನ್ನು ಕುರಿತ ಕಳವಳ, ಸ್ವಂತ ಮಟ್ಟಗಳು, ತಂದೆತಾಯಿಗಳ ನಿರೀಕ್ಷೆ, ತಂದೆತಾಯಿಗಳ ಟೀಕೆ, ಮಾಡಿದ ಕೆಲಸದ ವಿಷಯವಾದ ಸಂಶಯ, ಅಚ್ಚುಕಟ್ಟು—ಎಂದು ಆರು ಅಂಗಗಳು ಅದರಲ್ಲಿದ್ದುವು. ಮರುವರ್ಷ, ೧೯೯೧ರಲ್ಲಿ, ಕೆನಡದ ಪಾಲ್ ಹ್ಯೂಯಿಟ್, ಗಾರ್ಡನ್ ಫ್ಲೆಟ್ ಎಂಬಿಬ್ಬರು ನಲವತ್ತೈದು ವಾಕ್ಯಗಳ ಮತ್ತೊಂದು ಮಾಪಕವನ್ನು ಪ್ರಕಟಿಸಿದರು. ತನ್ನಿಂದ ಪೂರ್ಣತೆಯನ್ನು ತಾನೇ ಕೇಳುವುದು, ಇತರರಿಂದ ಕೇಳುವುದು, ಇತರರು ತನ್ನಿಂದ ಕೇಳುತ್ತಿರುವರೆಂದು ನಂಬುವುದು—ಹೀಗೆ ಮೂರು ಮುಖಗಳನ್ನು ಅವರು ತೋರಿಸಿದರು. ೨೦೦೧ರಲ್ಲಿ ರಾಬರ್ಟ್ ಸ್ಲೇನಿ ಮೊದಲಾದವರು ಇಪ್ಪತ್ತಮೂರು ವಾಕ್ಯಗಳ ಇನ್ನೊಂದನ್ನು ಸಿದ್ಧಪಡಿಸಿ, ಎತ್ತರದ ಮಟ್ಟ, ಕ್ರಮ, ಮತ್ತು ಮಟ್ಟಕ್ಕೂ ಸಾಧನೆಗೂ ನಡುವೆ ಉಳಿದಂತೆ ತೋರುವ ಅಂತರ—ಎಂಬ ಮೂರನ್ನು ಅಳೆದರು.

ಮೂರು ಮಾಪಕಗಳು ಮೂರು ವಸ್ತುಗಳನ್ನು ಅಳೆಯತೊಡಗಿದುದರಿಂದ ಫಲಗಳೂ ಬೇರೆ ಬೇರೆಯಾದುವು. ೨೦೦೬ರಲ್ಲಿ ಯೋಆಕಿಮ್ ಸ್ಟೋಬರ್, ಕ್ಯಾಥ್ಲೀನ್ ಓಟೋ ಎಂಬವರು ಹಿಂದಿನ ಸಂಶೋಧನೆಗಳನ್ನೆಲ್ಲ ಪರಾಮರ್ಶಿಸಿ, ಪೂರ್ಣತೆಗಾಗಿ ಪಡುವ ಪ್ರಯತ್ನ ಬೇರೆ, ಪೂರ್ಣತೆಯ ಚಿಂತೆ ಬೇರೆ. ಚಿಂತೆಯಿಲ್ಲದ ಪ್ರಯತ್ನವು ಒಳ್ಳೆಯದೇ ಎಂದರು. ಇದಕ್ಕೆ ಮುಂಚೆಯೇ, ೨೦೦೦ದಲ್ಲಿ, ಥಾಮಸ್ ಗ್ರೀನ್‌ಸ್ಪಾನ್ ಎಂಬವನು ‘ಆರೋಗ್ಯಕರವಾದ ಪೂರ್ಣತಾಗ್ರಹ’ವೆಂಬ ಮಾತೇ ವದತೋವ್ಯಾಘಾತವೆಂದು ವಾದಿಸಿದ್ದನು.

೩

ತರ್ಕಶಾಸ್ತ್ರವನ್ನು ಓದತೊಡಗಿದ ಬಾಲಕನಿಗೂ ಲಕ್ಷಣದ ಮೂರು ದೋಷಗಳು ಗೊತ್ತು. ಹಸುವಿಗೆ ‘ಕೋಡುಳ್ಳದ್ದು’ ಎಂಬ ಲಕ್ಷಣವನ್ನು ಹೇಳಿದರೆ ಎಮ್ಮೆಯೂ ಹಸುವಾಗುವುದು, ಇದು ಅತಿವ್ಯಾಪ್ತಿ. ‘ಕಂದುಬಣ್ಣದ್ದು’ ಎಂದರೆ ಬಿಳಿಯ ಹಸು ಬಿಟ್ಟುಹೋಗುವುದು, ಇದು ಅವ್ಯಾಪ್ತಿ. ‘ಒಂದೇ ಗೊರಸುಳ್ಳದ್ದು’ ಎಂದರೆ ಯಾವ ಹಸುವೂ ಸಿಕ್ಕದು; ಇದು ಅಸಂಭವ. ಮೇಲೆ ಹೇಳಿದ ಲಕ್ಷಣಗಳನ್ನು ಈ ಒರೆಗಲ್ಲಿಗೆ ಹಚ್ಚಿದರೆ ವಿವಾದದ ಮೂಲವು ಹೊರಬೀಳುವುದು.

ಹ್ಯಾಮಚೆಕನ ‘ಸಹಜ’ನನ್ನು ಮೊದಲು ನೋಡೋಣ. ಅವನು ಶ್ರಮದಲ್ಲಿ ಸುಖಿಸುವನು. ಸಮಯ ಬಂದಾಗ ಸಾಕೆಂದು ಕೆಲಸವನ್ನು ಕೆಳಗಿಡುವನು. ಇವನನ್ನು ಒಳ್ಳೆಯ ಕೆಲಸಗಾರನೆನ್ನುವುದು ಬಿಟ್ಟು ಆಗ್ರಹಿಯೆನ್ನಲು ಕಾರಣವೇನು? ಬಿಡಬಲ್ಲವನನ್ನು ಯಾವುದೂ ಹಿಡಿದಿಲ್ಲ. ಇವನನ್ನೂ ಆ ಹೆಸರಿನ ಒಳಗೆ ಸೇರಿಸಿಕೊಂಡುದೇ ಅತಿವ್ಯಾಪ್ತಿ. ಒಳ್ಳೆಯ ಪೂರ್ಣತಾಗ್ರಹವೊಂದು ಉಂಟೆಂಬ ಮಾತೆಲ್ಲ ಈ ಎಮ್ಮೆಯನ್ನು ಹಸುಗಳ ಹಟ್ಟಿಗೆ ಹೊಡೆದುದರಿಂದ ಹುಟ್ಟಿದುದು.

ಫ್ರಾಸ್ಟನ ಮಾಪಕದಲ್ಲಿ ಬೇರೊಂದು ತೊಡಕು. ತಂದೆತಾಯಿಗಳ ನಿರೀಕ್ಷೆ, ಟೀಕೆಗಳು ಮಗುವಿನಲ್ಲಿ ಆಗ್ರಹವು ಮೊಳೆಯುವುದಕ್ಕೆ ಕಾರಣವಾಗಬಹುದು. ಆದರೆ ಕಾರಣವು ಲಕ್ಷಣವಲ್ಲ. ಕುಂಬಾರನು ಗಡಿಗೆಗೆ ಕಾರಣ. ಗಡಿಗೆ ಯಾವುದೆಂದು ಕೇಳಿದರೆ ಕುಂಬಾರನನ್ನು ತೋರಿಸುವವರುಂಟೆ? ಅಚ್ಚುಕಟ್ಟಿನ ವಿಷಯದಲ್ಲಂತೂ ಫ್ರಾಸ್ಟನೇ ಎಚ್ಚರಗೊಂಡು, ಆರು ವಾಕ್ಯಗಳ ಆ ಅಂಗವನ್ನು ಒಟ್ಟು ಅಂಕದಲ್ಲಿ ಸೇರಿಸಬಾರದೆಂದು ವಿಧಿಸಿದನು. ಲಕ್ಷಣದೊಳಗೆ ಇಟ್ಟುಕೊಂಡು ಲೆಕ್ಕದಿಂದ ಹೊರಗಿಡಬೇಕಾಗಿ ಬಂದ ಅಂಗವು ಮೊದಲಿನಿಂದಲೂ ಹೊರಗಿರಬೇಕಾಗಿದ್ದುದೆಂಬುದು ಸ್ಪಷ್ಟ.

ಈ ಗೊಂದಲದ ನಡುವೆ ೨೦೦೨ರಲ್ಲಿ ರೋಜ್ ಶಾಫ್ರನ್, ಜಾಫ್ರ ಕೂಪರ್, ಕ್ರಿಸ್ಟೋಫರ್ ಫೇರ್‌ಬರ್ನ್ ಎಂಬ ಮೂವರು ಇಂಗ್ಲೆಂಡಿನಿಂದ ಒಂದು ಲೇಖನವನ್ನು ಹೊರಡಿಸಿದರು. ಅವರು ಹೇಳಿದ ಲಕ್ಷಣದ ತಾತ್ಪರ್ಯವಿದು: ಮನುಷ್ಯನು ತನಗೆ ತಾನೇ ವಿಧಿಸಿಕೊಂಡ ಕಠಿಣವಾದ ಮಟ್ಟಗಳನ್ನು ಮುಟ್ಟುವುದರ ಮೇಲೆಯೇ ತನ್ನನ್ನು ಕುರಿತ ತನ್ನ ಬೆಲೆಕಟ್ಟುವಿಕೆಯು ಮಿತಿಮೀರಿ ನಿಂತಿರುವುದು, ಮತ್ತು ಅದರಿಂದ ಹಾನಿಯಾಗುತ್ತಿದ್ದರೂ ಬಿಡದಿರುವುದು. ಇಪ್ಪತ್ತೆರಡು ವರ್ಷ ಹಿಂದೆ ಬರ್ನ್ಸನು ಕಂಡಿದ್ದ ಗಂಟು ಇಲ್ಲಿ ಮತ್ತೆ ಬೆಳಕಿಗೆ ಬಂದಿತು. ಮಟ್ಟವು ಎತ್ತರವಾಗಿರುವುದು ಈ ರೋಗದ ಅಸಾಧಾರಣಧರ್ಮವಲ್ಲ, ಅದು ಶಿಲ್ಪಿಗೂ ವೈದ್ಯನಿಗೂ ಗಾಯಕನಿಗೂ ಸಾಧಾರಣ. ಬೆಲೆಯ ಗಂಟೇ ಅಸಾಧಾರಣಧರ್ಮ.

ಹ್ಯೂಯಿಟ್, ಫ್ಲೆಟ್ ಮೊದಲಾದವರು ೨೦೦೩ರಲ್ಲಿ ಇದಕ್ಕೆ ಪ್ರತ್ಯುತ್ತರವಿತ್ತು, ಈ ಮನೋಧರ್ಮಕ್ಕೆ ಹಲವು ಮುಖಗಳಿವೆ, ಒಂದೇ ಮುಖಕ್ಕೆ ಅದನ್ನು ಕುಗ್ಗಿಸಬಾರದೆಂದು ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ‘ತನಗೆ ತಾನೇ ವಿಧಿಸಿಕೊಂಡ’ ಎಂಬ ವಿಶೇಷಣದಿಂದ, ಲೋಕವು ತನ್ನಿಂದ ಪೂರ್ಣತೆಯನ್ನು ಕೇಳುತ್ತಿದೆಯೆಂದು ನಂಬಿ ನಲುಗುವವನು ಲಕ್ಷಣದಿಂದ ಹೊರಬಿದ್ದು ಅವ್ಯಾಪ್ತಿಯಾಗುವುದು. ಆ ವಿಶೇಷಣವೊಂದನ್ನು ತೆಗೆದರೆ ಲಕ್ಷಣವು ನಿಲ್ಲುವುದು: ವಿಧಿಸಿದವರು ಯಾರೇ ಆಗಲಿ, ವಿಧಿಯ ಪಾಲನೆಗೆ ತನ್ನ ಬೆಲೆಯನ್ನು ಒತ್ತೆಯಿಟ್ಟವನು ಪೂರ್ಣತಾಗ್ರಹಿ. ಇಂಗ್ಲೆಂಡಿನವರು ಲಕ್ಷಣವನ್ನೂ ಕೆನಡದವರು ಲಕ್ಷ್ಯದ ಪ್ರಭೇದಗಳನ್ನೂ ಹೇಳಿದರೆಂದು ತಿಳಿದರೆ ಇಬ್ಬರಿಗೂ ವಿರೋಧವಿಲ್ಲ. ೨೦೧೯ರಲ್ಲಿ ಕೆನಡದ ಪ್ಯಾಟ್ರಿಕ್ ಗೋಡ್ರೋ ಎಂಬವನು ಉತ್ಕೃಷ್ಟತೆಯನ್ನು ಅರಸುವುದಕ್ಕೂ ಪೂರ್ಣತೆಯನ್ನು ಅರಸುವುದಕ್ಕೂ ಬೇರೆ ಬೇರೆ ಹೆಸರುಗಳಿರಬೇಕೆಂದು ಸೂಚಿಸಿದುದು ಈ ದಿಕ್ಕಿನಲ್ಲಿಯೇ ಇಟ್ಟ ಹೆಜ್ಜೆ.

೪

ದೋಷಕ್ಕೂ ವಸ್ತುವಿನ ಬೆಲೆಗೂ ಇರುವ ಸಂಬಂಧವೇನೆಂಬ ಪ್ರಶ್ನೆ ಸಾಹಿತ್ಯಾಭ್ಯಾಸಿಗಳಿಗೆ ಹೊಸದಲ್ಲ. ನಮ್ಮ ಆಲಂಕಾರಿಕರು ಮನೋರೋಗದ ವಿಚಾರವನ್ನು ಮಾಡಿದರೆಂದು ಹೇಳುವುದು ಹುಸಿಯಾದ ಹೆಮ್ಮೆ. ಅವರ ವಿಷಯ ಕಾವ್ಯ, ಕವಿಯ ಕ್ಲೇಶವಲ್ಲ. ಆದರೂ ಅವರ ವಾದದ ಒಂದು ಎಳೆಯು ಪ್ರಕೃತಕ್ಕೆ ನೇರವಾಗಿ ಒದಗುವುದು.

ಮಮ್ಮಟನು ಕಾವ್ಯಪ್ರಕಾಶದಲ್ಲಿ ಕಾವ್ಯಲಕ್ಷಣವನ್ನು ಹೇಳುವಾಗ ಶಬ್ದಾರ್ಥಗಳು ದೋಷರಹಿತವಾಗಿರಬೇಕೆಂದನು. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಇದನ್ನು ಬಲವಾಗಿ ಖಂಡಿಸಿದನು. ದೋಷವೇ ಇಲ್ಲದುದು ಕಾವ್ಯವೆಂದರೆ ಕಾವ್ಯವೆಂಬುದು ಅತಿವಿರಳವಾಗುವುದು, ಇಲ್ಲವೆ ಎಲ್ಲಿಯೂ ಸಿಕ್ಕದೆ ಹೋಗುವುದು. ಧ್ವನಿಯಿಂದ ಉತ್ತಮವೆನಿಸಿದ ಪದ್ಯವೂ ಯಾವುದೋ ಒಂದು ಸಣ್ಣ ದೋಷಕ್ಕಾಗಿ ಕಾವ್ಯವಲ್ಲವೆನಿಸಿಕೊಳ್ಳುವುದು. ಇದಕ್ಕೆ ಅವನು ಕೊಡುವ ದೃಷ್ಟಾಂತವು ಮನನೀಯ: ಹುಳು ಕೊರೆದ ರತ್ನವು ರತ್ನವಲ್ಲವೆಂದು ಯಾರೂ ಹೇಳರು. ಕೊರೆತವು ಅದರ ಕ್ರಯವನ್ನು ತಗ್ಗಿಸೀತು, ರತ್ನತ್ವವನ್ನು ಕಸಿಯಲಾರದು. ಮಮ್ಮಟನ ಪಕ್ಷವನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ಅವನಾದರೂ ದೋಷವೆಂದರೆ ಮುಖ್ಯಾರ್ಥವಾದ ರಸಕ್ಕೆ ಕೆಡಕು ತರುವುದೆಂದೇ ಹೇಳಿರುವನು. ಕಣ್ಣಿಗೆ ಬಿದ್ದ ಪ್ರತಿಯೊಂದು ಕಲೆಯೂ ದೋಷವೆಂದು ಅವನ ಮತವಲ್ಲ. ಅವರಿಗೆ ಮುಂಚಿನ ಆನಂದವರ್ಧನನು ಮತ್ತೊಂದು ವಿವೇಚನೆಯನ್ನು ಮಾಡಿರುವನು: ವ್ಯುತ್ಪತ್ತಿಯ ಕೊರತೆಯಿಂದ ಬಂದ ದೋಷವನ್ನು ಕವಿಯ ಶಕ್ತಿಯು ಮುಚ್ಚುವುದು, ಶಕ್ತಿಯಿಲ್ಲದೆ ಬಂದ ದೋಷವು ಥಟ್ಟನೆ ಕಣ್ಣಿಗೆ ಹೊಡೆಯುವುದು. ಕನ್ನಡದ ಕವಿರಾಜಮಾರ್ಗವೂ ದೋಷಗಳನ್ನು ಒಂದೊಂದಾಗಿ ಎಣಿಸಿ ತೋರಿಸಿತು. ಅದು ಕವಿಗಳನ್ನು ತಿದ್ದುವುದಕ್ಕಾಗಿಯೇ ಹೊರತು ಬರೆಯದಂತೆ ಹೆದರಿಸುವುದಕ್ಕಾಗಿ ಅಲ್ಲ.

ಈ ಪರಂಪರೆಯಲ್ಲಿ ದೋಷಕ್ಕೆ ಕ್ಷಮೆಯಿಲ್ಲ. ದೋಷವನ್ನು ದೋಷವೆಂದೇ ಕರೆದು ಪಟ್ಟಿಮಾಡಿರುವರು. ಆದರೆ ದೋಷದಿಂದ ವಸ್ತುವಿನ ಸ್ವರೂಪವೇ ನಾಶವಾಗುವುದೆಂಬ ಮಾತನ್ನು ವಿಶ್ವನಾಥನು ಒಪ್ಪಲಿಲ್ಲ. ಪೂರ್ಣತೆಯ ಹಂಬಲವುಳ್ಳವನು ದೋಷವನ್ನು ಕಂಡಾಗ ‘ಕ್ರಯ ತಗ್ಗಿತು, ತಿದ್ದಬೇಕು’ ಎನ್ನುವನು. ಪೂರ್ಣತಾಗ್ರಹಿಯು ‘ಇದು ರತ್ನವೇ ಅಲ್ಲ, ಇದನ್ನು ಮಾಡಿದ ನಾನೂ ಏನೂ ಅಲ್ಲ’ ಎನ್ನುವನು. ಮಟ್ಟವು ಇಬ್ಬರಿಗೂ ಒಂದೇ ಇರಬಹುದು. ದೋಷವನ್ನು ಕಂಡ ಮರುಕ್ಷಣದಲ್ಲಿ ಇಬ್ಬರೂ ಬೇರೆಯಾಗುವರು.

೫

ಲಕ್ಷಣವು ಹೀಗೆ ನಿಶ್ಚಿತವಾದರೆ ಒತ್ತಡ, ನಿಭಾವಣೆ, ಸ್ವಾಸ್ಥ್ಯಗಳ ವಿಷಯವಾಗಿ ಸಂಶೋಧಕರು ಕಂಡುಕೊಂಡ ಬಿಡಿ ಸಂಗತಿಗಳೆಲ್ಲ ಒಂದು ಸೂತ್ರಕ್ಕೆ ಬರುವುವು. ೧೯೮೪ರಲ್ಲಿ ರಿಚರ್ಡ್ ಲಜಾರಸ್, ಸೂಸನ್ ಫೋಕ್‌ಮನ್ ಎಂಬವರು ತಮ್ಮ ಪ್ರಸಿದ್ಧ ಗ್ರಂಥದಲ್ಲಿ, ಒತ್ತಡವು ಹೊರಗಿನ ಸಂಗತಿಯಲ್ಲಿಯೇ ಇಲ್ಲ, ಅದನ್ನು ಮನಸ್ಸು ತೂಗಿನೋಡುವ ಬಗೆಯಲ್ಲಿದೆ ಎಂದು ನಿರೂಪಿಸಿದರು. ‘ಇಲ್ಲಿ ನನ್ನದೇನು ಪಣಕ್ಕೆ ಬಿದ್ದಿದೆ?’ ಎಂಬುದು ಮೊದಲನೆಯ ತೂಗುವಿಕೆ. ‘ಇದಕ್ಕೆ ನಾನೇನು ಮಾಡಬಲ್ಲೆ?’ ಎಂಬುದು ಎರಡನೆಯದು. ಒಂದೇ ಪರೀಕ್ಷೆಗೆ ಕುಳಿತ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಪಣಕ್ಕೆ ಬಿದ್ದಿರುವುದು ಪರೀಕ್ಷೆ, ಇನ್ನೊಬ್ಬನಿಗೆ ತಾನೇ. ಪ್ರಶ್ನೆಪತ್ರಿಕೆಯು ಒಂದೇ, ಗಂಟೆಗಳು ಅಷ್ಟೇ. ಹೊರೆಯ ತೂಕ ಮಾತ್ರ ಬೇರೆ.

ಹ್ಯೂಯಿಟ್ ಮತ್ತು ಫ್ಲೆಟ್ ೨೦೦೨ರಲ್ಲಿ ಆಗ್ರಹಕ್ಕೂ ಒತ್ತಡಕ್ಕೂ ನಾಲ್ಕು ಬಗೆಯ ನಂಟನ್ನು ವಿವರಿಸಿದರು. ಆಗ್ರಹಿಯು ಒತ್ತಡವನ್ನು ತಾನೇ ಹುಟ್ಟಿಸಿಕೊಳ್ಳುವನು. ಬಾರದುದನ್ನು ಬರುವುದೆಂದು ಮುಂದಾಗಿ ಅನುಭವಿಸುವನು. ಹೋದುದನ್ನು ಹೋಗಗೊಡದೆ ಮೆಲುಕು ಹಾಕುವನು. ಚಿಕ್ಕದನ್ನು ದೊಡ್ಡದಾಗಿ ಬೆಳೆಸುವನು. ಶಾಫ್ರನ್ ಮೊದಲಾದವರು ಇದಕ್ಕೆ ಸೂಕ್ಷ್ಮವಾದ ಮತ್ತೊಂದು ಸಂಗತಿಯನ್ನು ಸೇರಿಸಿರುವರು. ಆಗ್ರಹಿಯು ಗುರಿ ತಪ್ಪಿದರೆ ತನ್ನನ್ನು ನಿಂದಿಸಿಕೊಳ್ಳುವನು. ಗುರಿ ಮುಟ್ಟಿದರೆ ಗುರಿಯೇ ಸುಲಭವಾಗಿತ್ತೆಂದು ತಿಳಿದು ಅದನ್ನು ಇನ್ನೂ ಮೇಲಕ್ಕೇರಿಸುವನು. ಸೋತರೂ ಸೋಲು, ಗೆದ್ದರೂ ಗೆಲವಿಲ್ಲ. ಹಗ್ಗ ಸೇದಿದಷ್ಟೂ ನೀರು ಕೆಳಗಿಳಿಯುವ ಬಾವಿಯಂತೆ ಅವನ ಬಾಳು.

ನಿಭಾವಣೆಯ ವಿಷಯದಲ್ಲಿಯೂ ಹೀಗೆಯೇ. ತೊಡಕಿನ ಮೂಲವನ್ನು ಸರಿಪಡಿಸುವುದು ಒಂದು ಬಗೆ, ತೊಡಕಿನಿಂದ ಕದಡಿದ ಮನಸ್ಸನ್ನು ತಿಳಿಗೊಳಿಸುವುದು ಇನ್ನೊಂದು ಬಗೆ ಎಂದು ಲಜಾರಸನೂ ಫೋಕ್‌ಮನಳೂ ವಿಂಗಡಿಸಿದರು. ಇವುಗಳಲ್ಲಿ ಯಾವುದೂ ತಾನಾಗಿ ಮೇಲಲ್ಲ, ಕೀಳಲ್ಲ; ಕೈಲಾಗುವುದಿದ್ದಲ್ಲಿ ಮೊದಲನೆಯದು, ಇಲ್ಲದಲ್ಲಿ ಎರಡನೆಯದು ಸಲ್ಲುವುದು. ಆಗ್ರಹಿಗೆ ಎರಡೂ ಕಷ್ಟ. ಕೆಲಸವನ್ನು ಕೈಗೆತ್ತಿಕೊಂಡರೆ ತಪ್ಪು ಹೊರಬೀಳುವ ಭಯದಿಂದ ನಾಳೆಗೆ ತಳ್ಳುವನು. ಮನಸ್ಸನ್ನು ತಿಳಿಗೊಳಿಸಹೊರಟರೆ ಆತ್ಮನಿಂದೆ ಅಡ್ಡಬರುವುದು. ಹತ್ತಿರದವರ ನೆರವನ್ನು ಕೇಳಬಹುದಲ್ಲವೆ ಎಂದರೆ ಅದೂ ಇಲ್ಲ. ತನ್ನ ಕುಂದನ್ನು ಇತರರಿಗೆ ತೋರಗೊಡದಿರುವುದು, ಬಾಯಿಬಿಟ್ಟು ಹೇಳದಿರುವುದು—ಇವೂ ಆಗ್ರಹದ ಅಂಗಗಳೆಂದು ಹ್ಯೂಯಿಟ್ ಮೊದಲಾದವರು ೨೦೦೩ರಲ್ಲಿ ನಿರೂಪಿಸಿರುವರು. ಬೆಲೆಯನ್ನೇ ಒತ್ತೆಯಿಟ್ಟವನು ಸಾಲದ ಪತ್ರವನ್ನು ನೆರೆಯವರಿಗೆ ಹೇಗೆ ತೋರಿಸಿಯಾನು? ಎಲ್ಲರಿಗಿಂತ ಚೆನ್ನಾಗಿ ಓದುವ ಹುಡುಗನ ಸಂಕಟವು ಎಲ್ಲರಿಗಿಂತ ಕೊನೆಗೆ ಉಪಾಧ್ಯಾಯನ ಕಣ್ಣಿಗೆ ಬೀಳುವುದು ಇದರಿಂದಲೇ.

ಸ್ವಾಸ್ಥ್ಯವೆಂದರೆ ಒತ್ತಡವಿಲ್ಲದಿರುವುದು ಮಾತ್ರವಲ್ಲ. ಕ್ಯಾರಲ್ ರಿಫ್ ಎಂಬ ವಿದುಷಿಯು ೧೯೮೯ರಲ್ಲಿ ಅದಕ್ಕೆ ಆರು ಅಂಗಗಳನ್ನು ಹೇಳಿದಳು: ತನ್ನನ್ನು ತಾನು ಒಪ್ಪಿಕೊಳ್ಳುವುದು, ಇತರರೊಡನೆ ಸೌಹಾರ್ದ, ಸ್ವಾತಂತ್ರ್ಯ, ಸುತ್ತಣ ಬಾಳುವೆಯ ಮೇಲೆ ಹಿಡಿತ, ಜೀವನದಲ್ಲಿ ಉದ್ದೇಶ, ಬೆಳವಣಿಗೆ. ಇವುಗಳಲ್ಲಿ ಉದ್ದೇಶವೊಂದನ್ನೇ ಹಿಡಿದು ಮೊದಲನೆಯದನ್ನು ಕಳೆದುಕೊಂಡವನು ನೋಡುವವರಿಗೆ ಭಾಗ್ಯಶಾಲಿಯಾಗಿಯೇ ಕಾಣುವನು. ಬೆಳವಣಿಗೆಯೂ ಅವನಿಗೆ ದುರ್ಲಭ. ತಪ್ಪಿ, ತಿದ್ದಿಕೊಂಡು, ಮತ್ತೆ ತಪ್ಪುವುದಲ್ಲದೆ ಬೆಳೆಯುವುದಕ್ಕೆ ಬೇರೆ ದಾರಿಯಿಲ್ಲವಷ್ಟೆ.

೬

ಸಂಶೋಧನೆಯ ಕ್ರಮದ ವಿಷಯವಾಗಿಯೂ ಎರಡು ಮೂರು ಆಕ್ಷೇಪಗಳನ್ನು ಹೇಳಬೇಕಾಗಿದೆ. ಮೊದಲನೆಯದು ‘ಚಿಂತೆಯಿಲ್ಲದ ಪ್ರಯತ್ನ’ವನ್ನು ಕುರಿತುದು. ಗಣಿತದ ಉಪಾಯದಿಂದ ಚಿಂತೆಯ ಅಂಶವನ್ನು ಕಳೆದು ಉಳಿದ ಪ್ರಯತ್ನವು ಹಿತವೆಂದು ತೋರಿಸುವುದುಂಟು. ಆದರೆ ಮನುಷ್ಯರಲ್ಲಿ ಅವೆರಡೂ ಬಹುಮಟ್ಟಿಗೆ ಕೂಡಿಯೇ ಇರುವುವು. ಕಹಿಯನ್ನು ಲೆಕ್ಕದಲ್ಲಿ ಕಳೆದು ಹಾಗಲಕಾಯಿ ಸಿಹಿಯೆಂದರೆ, ತಿನ್ನುವವನ ನಾಲಗೆ ಒಪ್ಪುವುದಿಲ್ಲ. ೨೦೧೭ರಲ್ಲಿ ಇನ್ನೂರ ಎಂಬತ್ತನಾಲ್ಕು ಸಂಶೋಧನೆಗಳ ಫಲವನ್ನು ಒಟ್ಟುಗೂಡಿಸಿ ನೋಡಿದಾಗ ಚಿಂತೆಗೂ ಮನೋವ್ಯಾಧಿಗಳಿಗೂ ನಂಟು ಬಲವಾಗಿ ಕಂಡುಬಂದಿತು. ಪ್ರಯತ್ನವೆಂದು ಹೆಸರಿಸಿದ ಅಂಶವೂ ಆ ನಂಟಿನಿಂದ ಪೂರ್ತಿಯಾಗಿ ಪಾರಾಗಿರಲಿಲ್ಲ.

ಎರಡನೆಯದು ಸಾಕ್ಷಿಗಳನ್ನು ಕುರಿತುದು. ಪ್ರಶ್ನಾವಳಿಗೆ ಉತ್ತರ ಬರೆದವರಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಪಾಲು ಹಿರಿದು. ತಮ್ಮ ವಿಷಯವಾಗಿ ತಾವೇ ಹೇಳಿದ ಮಾತೇ ಅಲ್ಲಿ ಪ್ರಮಾಣ. ಬಹುವಾಗಿ ಒಂದೇ ಹೊತ್ತಿನಲ್ಲಿ ಕೇಳಿದುದರಿಂದ, ಆಗ್ರಹದಿಂದ ಕ್ಲೇಶವೋ ಕ್ಲೇಶದಿಂದ ಆಗ್ರಹವೋ ಎಂಬುದು ಅಂತಹ ಲೆಕ್ಕದಿಂದ ಹೊರಡದು.

ಮೂರನೆಯದು, ಪತ್ರಿಕೆಗಳಲ್ಲಿ ಬಹಳವಾಗಿ ಹರಡಿದ ಒಂದು ಲೆಕ್ಕವನ್ನು ಕುರಿತುದು. ೨೦೧೯ರಲ್ಲಿ ಅಚ್ಚಾದ ಲೇಖನದಲ್ಲಿ ಥಾಮಸ್ ಕರನ್, ಆಂಡ್ರೂ ಹಿಲ್ ಎಂಬವರು ೧೯೮೯ರಿಂದ ೨೦೧೬ರ ವರೆಗಿನ ೪೧,೬೪೧ ವಿದ್ಯಾರ್ಥಿಗಳ ಉತ್ತರಗಳನ್ನು ಕೂಡಿಸಿ ನೋಡಿದರು. ತನ್ನಿಂದ ತಾನೇ ಪೂರ್ಣತೆಯನ್ನು ಕೇಳುವ ಅಂಕವು ಶೇಕಡ ೧೦ರಷ್ಟೂ, ಇತರರಿಂದ ಕೇಳುವ ಅಂಕವು ಶೇಕಡ ೧೬ರಷ್ಟೂ, ಇತರರು ತನ್ನಿಂದ ಕೇಳುತ್ತಿರುವರೆಂಬ ನಂಬಿಕೆಯ ಅಂಕವು ಶೇಕಡ ೩೩ರಷ್ಟೂ ಏರಿರುವುದಾಗಿ ಪ್ರಕಟಿಸಲಾಯಿತು. ಇದು ಪೂರ್ಣತಾಗ್ರಹಿಗಳ ತಲೆಯೆಣಿಕೆಯಲ್ಲ, ಮಾಪಕದ ಮೇಲಣ ಅಂಕಗಳ ಚಲನೆ. ಮೇಲಾಗಿ ಮೂರನೆಯ ಅಂಕವು ಅಳೆಯುವುದು ಲೋಕವು ಕೇಳಿದುದನ್ನಲ್ಲ, ಲೋಕವು ಕೇಳುತ್ತಿದೆಯೆಂಬ ನಂಬಿಕೆಯನ್ನು. ಆ ವಿದ್ಯಾರ್ಥಿಗಳು ಅಮೆರಿಕ, ಕೆನಡ, ಬ್ರಿಟನ್ ದೇಶದವರು. ಮಗನ ಓದು ಮನೆಯವರೆಲ್ಲರ ಮಾನವೆಂದು ಎಣಿಸುವ ಕನ್ನಡದ ಮನೆಯಲ್ಲಿ ‘ಮನೆಯವರು ನನ್ನಿಂದ ಬಹಳ ಬಯಸುವರು’ ಎಂಬ ವಾಕ್ಯಕ್ಕೆ ಹುಡುಗನು ‘ಹೌದು’ ಎಂದರೆ, ಅದು ಭಯದ ಮಾತೂ ಆಗಬಹುದು, ಪ್ರೀತಿಯ ಮಾತೂ ಆಗಬಹುದು. ಅಂಕಿಗಳನ್ನು ಹಡಗಿನಿಂದ ಇಳಿಸಿಕೊಂಡಷ್ಟು ಸುಲಭವಾಗಿ ಅರ್ಥವನ್ನು ಇಳಿಸಿಕೊಳ್ಳಲಾಗುವುದಿಲ್ಲ.

ಇಷ್ಟು ಕುಂದುಗಳನ್ನು ಹೇಳಿದುದರಿಂದ ಈ ಶಾಸ್ತ್ರವೇ ವ್ಯರ್ಥವೆಂದು ತೀರ್ಮಾನಿಸಿದರೆ ಅದು ವಿಶ್ವನಾಥನ ರತ್ನವನ್ನು ಮರೆತಂತಾಗುವುದು. ಕೊರೆತಗಳಿದ್ದರೂ ಇದು ರತ್ನವೇ. ಹೊಗಳಿಕೆಯ ಮರೆಯಲ್ಲಿ ಅಡಗಿದ್ದ ಒಂದು ನೋವನ್ನು ಅದು ಬೆಳಕಿಗೆ ತಂದಿತು. ಅದನ್ನು ಇಳಿಸುವ ಉಪಾ‍ಯಗಳನ್ನೂ ಹುಡುಕಿ ಕೊಟ್ಟಿತು. ಚಿಕಿತ್ಸಕರು ಆಗ್ರಹಿಗೆ ಕೆಲವೊಮ್ಮೆ ಒಂದು ಸಣ್ಣ ಪ್ರಯೋಗವನ್ನು ವಿಧಿಸುವರು: ಒಂದು ಕಾಗದವನ್ನು ಮತ್ತೊಮ್ಮೆ ಓದದೆ ಅಂಚೆಗೆ ಹಾಕು, ಏನಾಗುವುದೋ ನೋಡು. ಆಕಾಶವು ಕಳಚಿ ಬೀಳುವುದಿಲ್ಲವೆಂಬುದನ್ನು ಅವನು ಯುಕ್ತಿಯಿಂದಲ್ಲ, ಅನುಭವದಿಂದ ಕಲಿಯುವನು. ೨೦೦೩ರಲ್ಲಿ ಕ್ರಿಸ್ಟಿನ್ ನೆಫ್ ಎಂಬಾಕೆಯು ತನ್ನಲ್ಲಿ ತಾನು ದಯೆಯಿಡುವುದನ್ನು ವಿವರಿಸುತ್ತ ಮೂರು ಅಂಗಗಳನ್ನು ಹೇಳಿದಳು: ತನ್ನ ಬಗೆಗೆ ಮೃದುತ್ವ, ತಪ್ಪುವುದು ಮನುಷ್ಯಮಾತ್ರರಿಗೆಲ್ಲ ಸಮಾನವೆಂಬ ಅರಿವು, ನೋವನ್ನು ಉಬ್ಬಿಸದೆ ಅಡಗಿಸದೆ ಇದ್ದಂತೆ ನೋಡುವ ಸಮಚಿತ್ತತೆ. ಇವುಗಳಲ್ಲಿ ನಡುವಣದೇ ಮುಖ್ಯವೆಂದು ತೋರುವುದು. ತಾನೊಬ್ಬನೇ ತಪ್ಪಕೂಡದೆಂಬ ನಿಯಮದಲ್ಲಿ, ನೋಡಿದರೆ, ತಾನೊಬ್ಬನೇ ಮನುಷ್ಯರಿಗಿಂತ ಬೇರೆಯೆಂಬ ಗರ್ವವು ವಿನಯದ ವೇಷದಲ್ಲಿ ಕುಳಿತಿರುವುದು. ಹೊಗೆಯಿಲ್ಲದ ಬೆಂಕಿಯಿಲ್ಲದಂತೆ ದೋಷವಿಲ್ಲದ ಕರ್ಮವಿಲ್ಲ; ಆದರೂ ತನ್ನ ಪಾಲಿಗೆ ಬಂದ ಕರ್ಮವನ್ನು ಬಿಡಬಾರದೆಂದು ಗೀತಾಚಾರ್ಯನು ಬೋಧಿಸಿದುದರಲ್ಲಿ ಶ್ರದ್ಧೆಗೂ ಆಗ್ರಹಕ್ಕೂ ನಡುವಣ ಎಲ್ಲೆಯನ್ನು ಕಾಣಬಹುದು.

ಇದರಿಂದ ಉಪಾಧ್ಯಾಯರಿಗೂ ಹೆತ್ತವರಿಗೂ ಫಲಿಸುವ ಮಾತು ಸರಳವಾದುದು. ಮಟ್ಟವನ್ನು ಇಳಿಸಬೇಕಾದುದಿಲ್ಲ. ವ್ಯಾಕರಣದ ತಪ್ಪು ತಪ್ಪೇ. ಕೆಂಪುಮಸಿಯು ಅದನ್ನು ತೋರಿಸಲೇಬೇಕು. ಆದರೆ ಆ ಮಸಿ ಪುಸ್ತಕದ ಮೇಲೆ ಬೀಳಬೇಕು, ಬರೆದ ಹುಡುಗನ ಮೇಲೆ ಸಿಡಿಯಬಾರದು. ‘ಈ ವಾಕ್ಯ ತಪ್ಪು’ ಎನ್ನುವುದಕ್ಕೂ ‘ನೀನು ಇಷ್ಟೇ’ ಎನ್ನುವುದಕ್ಕೂ ಇರುವ ದೂರವೇ ಹಂಬಲಕ್ಕೂ ಆಗ್ರಹಕ್ಕೂ ಇರುವ ದೂರ. ಹೊಗಳುವಾಗಲೂ ಈ ಎಚ್ಚರವು ಅವಶ್ಯ. ನೂರಕ್ಕೆ ನೂರು ತಂದ ದಿನ ಮಾತ್ರ ಮಗುವಿನ ತಲೆಯನ್ನು ನೇವರಿಸುವ ಕೈಯು, ತನಗೆ ಅರಿವಿಲ್ಲದೆಯೇ, ಒತ್ತೆಯ ಪತ್ರಕ್ಕೆ ಆ ಮಗುವಿನ ರುಜುವನ್ನು ಹಾಕಿಸುತ್ತಿರುವುದು.